ಊರಿಗೆ ಹೊರಟಾಗ ನ್ಯೂಯಾರ್ಕ್‌ನ ಕಾರಿನ ವಿಮೆ: ಇಡೋದಾ, ಬಿಡೋದಾ?

ಮೂರು ತಿಂಗಳು ಮೈಸೂರಿನಲ್ಲಿರುತ್ತೀರಿ, ನಿಂತ ಕಾರಿಗೆ ಪ್ರೀಮಿಯಂ ಯಾಕೆ ಅಂತ ಕೇಳಿದ್ದೀರಿ. ಸುಮ್ಮನೆ ಕಟ್ಟದೆ ಬಿಡುವ ಯೋಚನೆ ಮಾತ್ರ ಬೇಡ. ನ್ಯೂಯಾರ್ಕ್ ರಾಜ್ಯದಲ್ಲಿ ನೋಂದಾಯಿತ ಕಾರಿನ ವಿಮೆ ತಪ್ಪಿದರೆ, ಅದನ್ನು ಓಡಿಸದಿದ್ದರೂ ದಂಡವುಂಟು: ಮೊದಲ 30 ದಿನ ದಿನಕ್ಕೆ 8 ಡಾಲರ್, ಮುಂದಿನ 30ಕ್ಕೆ 10, ಆಮೇಲೆ 12. 90 ದಿನಕ್ಕೆ 900 ಡಾಲರ್! ಅದನ್ನೂ ದಾಟಿದರೆ ಲೈಸೆನ್ಸೇ ಅಮಾನತು.

ದುಡ್ಡು ಉಳಿಸಲೇಬೇಕಾದರೆ ಎರಡೂ ನಂಬರ್ ಪ್ಲೇಟ್ ಬಿಚ್ಚಿ ಡಿಎಂವಿಗೆ (ರಾಜ್ಯದ ಮೋಟಾರು ವಾಹನ ಇಲಾಖೆಗೆ) ಒಪ್ಪಿಸಿ. ರಸೀದಿ ಕೈಗೆ ಬಂದ ಮೇಲೆಯೇ ವಿಮೆ ರದ್ದು. ಹಿಂದುಮುಂದಾದರೆ ಮತ್ತದೇ ದಂಡ. ಪ್ಲೇಟಿಲ್ಲದ ಕಾರನ್ನು ರಸ್ತೆಬದಿ ಬಿಡುವಂತಿಲ್ಲ, ಹಾಗಾಗಿ ಸ್ವಂತ ಗ್ಯಾರೇಜ್ ಇದ್ದವರಿಗೆ ಮಾತ್ರ ಇದು ಸರಿ.

ಬೀದಿಯಲ್ಲೇ ನಿಲ್ಲಿಸುವವರು, ಮೂರ್ನಾಲ್ಕು ವಾರದಲ್ಲೇ ವಾಪಸಾಗುವವರು ವಿಮೆ ಮುಂದುವರಿಸುವುದೇ ಲೇಸು. ಬೀದಿ ಗುಡಿಸುವ ದಿನ ಕಾರು ಸರಿಸಲು ಗೆಳೆಯರೊಬ್ಬರಿಗೆ ಕೀಲಿ ಕೊಟ್ಟಿರಿ.