ಮುರುಗಲು ತುಪ್ಪ: ಉಂಡೆ ಚೆನ್ನಾಗಿದೆ, ಲೇಬಲ್ ನಂಬಬೇಡಿ

ಉತ್ತರ ಕನ್ನಡದ ಒಂದು ಗೃಹೋದ್ಯಮ ಮಾಡಿ ಮಾರುವ ಮುರುಗಲು ತುಪ್ಪ ಇದು. ಕರಾವಳಿಯವರಿಗೆ ಪುನರ್ಪುಳಿ ಎಂದರೆ ಬೇಗ ತಿಳಿಯುತ್ತದೆ. ಈ ಹುಳಿ ಹಣ್ಣಿನ ಸಿಪ್ಪೆ ಸಾರಿಗೋ ಶರಬತ್ತಿಗೋ ಹೋದ ಮೇಲೆ ಉಳಿಯುವ ಬೀಜವನ್ನು ಒಣಗಿಸಿ, ಜಜ್ಜಿ, ನೀರಲ್ಲಿ ಕುದಿಸಿ, ಮೇಲೆ ತೇಲಿದ ಜಿಡ್ಡನ್ನು ತೆಗೆದು ಉಂಡೆ ಕಟ್ಟುವ ಹಳೆಯ ಕ್ರಮವನ್ನೇ ಇವರು ಬಿಟ್ಟಿಲ್ಲ.

ಬಣ್ಣ ಮಾಸಲು ಹಳದಿ, ವಾಸನೆ ಬಹಳ ಕಡಿಮೆ. ಹಾಲಿನಂತೆ ಬೆಳ್ಳಗಿಲ್ಲವೆಂದು ಬಿಡಬೇಡಿ, ಶುದ್ಧೀಕರಿಸಿದ್ದು ಮಾತ್ರ ಹಾಗಿರುತ್ತದೆ. ಚೂರು ತುಪ್ಪವನ್ನು ಸೌಟಿನಲ್ಲಿ ಕಾಯಿಸಿ ನೋಡಿ. ಚಟಪಟ ಸಿಡಿದರೆ ನೀರಿನಂಶ ಉಳಿದಿದೆ ಎಂದರ್ಥ, ಅಂಥದ್ದಕ್ಕೆ ಬೇಗ ಮುಗ್ಗಲು ಹಿಡಿಯುತ್ತದೆ. ಇದು ಸಿಡಿಯಲಿಲ್ಲ.

ಹಿಮ್ಮಡಿ ಒಡಕಿಗೆ ಮಲೆನಾಡಿನವರು ಇದನ್ನು ನೆಚ್ಚಿಕೊಂಡಿರುವುದಕ್ಕೆ ಕಾರಣ ಇದರ ರಸಾಯನದಲ್ಲೇ ಇದೆ. ಇದರ ಕೊಬ್ಬಿನಾಮ್ಲಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಾಮಾನ್ಯ ಬಿಸಿಯಲ್ಲಿ ಗಟ್ಟಿಯಾಗಿರುವ ಸ್ಟಿಯರಿಕ್, ಉಳಿದದ್ದರಲ್ಲಿ ಬಹುಪಾಲು ದ್ರವವಾಗಿರುವ ಓಲಿಯಿಕ್. ಹಾಗಾಗಿ ಕರಗಲು ಸುಮಾರು 38ರಿಂದ 42 ಡಿಗ್ರಿ ಸೆಲ್ಸಿಯಸ್ ಬೇಕು. ಪಾದದ ಚರ್ಮದ ಬಿಸಿ ಅಷ್ಟಿರುವುದಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿದ ಕೂಡಲೇ ಹರಿದು ಹೋದರೆ, ಇದು ಒಡಕಿನೊಳಗೆ ಗಟ್ಟಿಯಾಗಿ ಕೂತು ಚರ್ಮದ ತೇವ ಆರದಂತೆ ತಡೆಯುತ್ತದೆ.

ತೊಂದರೆಯೂ ಅದೇ ಗುಣದಿಂದ. ಉಂಡೆಯನ್ನು ಹಾಗೇ ತಿಕ್ಕಿದರೆ ಹರಡುವುದಿಲ್ಲ, ಒಡೆದ ಚರ್ಮ ಇನ್ನಷ್ಟು ಕೀಳುತ್ತದೆ. 20 ಗ್ರಾಂ ತುಪ್ಪಕ್ಕೆ 20 ಗ್ರಾಂ ಕೊಬ್ಬರಿ ಎಣ್ಣೆ ಸೇರಿಸಿ, ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಪೂರ್ತಿ ಕರಗಿಸಿ. ಒಂದು ಚೂರೂ ಉಳಿಯಬಾರದು. ಆಮೇಲೆ ಬಟ್ಟಲನ್ನು ತಣ್ಣೀರಿನಲ್ಲಿಟ್ಟು ಗಟ್ಟಿಯಾಗುವ ತನಕ ಕೈಯಾಡಿಸುತ್ತಿರಿ. ತಾನಾಗಿ ಆರಲಿ ಎಂದು ಬಿಟ್ಟರೆ ಸ್ಟಿಯರಿಕ್ ಹೆಚ್ಚಿರುವ ಭಾಗ ಮೊದಲೇ ಹರಳುಗಟ್ಟಿ ಮುಲಾಮು ರವೆರವೆಯಾಗುತ್ತದೆ. ಹಾಗಾದರೂ ಚೆಲ್ಲಬೇಕಿಲ್ಲ, ಮತ್ತೆ ಕರಗಿಸಿ ಬೇಗ ಆರಿಸಿದರಾಯಿತು.

ರಾತ್ರಿ ಕಾಲು ಹತ್ತು ನಿಮಿಷ ಉಗುರುಬೆಚ್ಚಗಿನ ನೀರಲ್ಲಿಟ್ಟು ಒರೆಸಿ, ಚರ್ಮದಲ್ಲಿ ಇನ್ನೂ ತೇವವಿರುವಾಗಲೇ ಹಚ್ಚಿ ಕಾಲುಚೀಲ ಹಾಕಬೇಕು. ಪೂರ್ತಿ ಒಣಗಿದ ಕಾಲಿಗೆ ಹಚ್ಚಿದರೆ ಹಿಡಿದಿಡಲು ಒಳಗೆ ತೇವವೇ ಇರುವುದಿಲ್ಲ. ಕೀವು ಅಥವಾ ರಕ್ತ ಬರುತ್ತಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ ಮೊದಲು ವೈದ್ಯರಿಗೆ ತೋರಿಸಿ.

ಬೇಸರ ತರಿಸುವುದು ಲೇಬಲ್. "ತೂಕ ಇಳಿಸುತ್ತದೆ" ಎಂದು ಅಚ್ಚು ಹಾಕಿದ್ದಾರೆ. ಆ ಹೆಸರಲ್ಲಿ ಪ್ರಚಾರವಾಗಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಇರುವುದು ಹಣ್ಣಿನ ಸಿಪ್ಪೆಯಲ್ಲಿ. ಅದು ನೀರಲ್ಲಿ ಕರಗುವಂಥದ್ದು, ಬೀಜದ ಜಿಡ್ಡಿನಲ್ಲಿ ಅದನ್ನು ಹುಡುಕಿ ಪ್ರಯೋಜನವಿಲ್ಲ. ತೂಕ ಇಳಿಸುವ ಮಾತು ಹಾಗಿರಲಿ, ಇದು ನೂರಕ್ಕೆ ನೂರು ಕೊಬ್ಬು! ಪಿತ್ತದ ಗಂಧೆಗೆ ಮನೆಗಳಲ್ಲಿ ಕೊಡುವ ಕೆಂಪು ಪಾನಕವೂ ಸಿಪ್ಪೆಯದ್ದೇ, ಅದರ ಬಣ್ಣ ಸಿಪ್ಪೆಯಲ್ಲಿರುವ ಆಂಥೋಸಯನಿನ್ ಎಂಬ ಸಹಜ ವರ್ಣದ್ರವ್ಯದ್ದು. ಇಷ್ಟು ಒಳ್ಳೆಯ ತುಪ್ಪ ಮಾಡುವವರು ಸಿಪ್ಪೆಯ ಗುಣವನ್ನು ಬೀಜಕ್ಕೆ ಅಂಟಿಸುವ ಅಗತ್ಯವೇ ಇರಲಿಲ್ಲ.

ಹಿಮ್ಮಡಿಗೆ, ಒಡೆದ ತುಟಿಗೆ ಧಾರಾಳವಾಗಿ ಕೊಳ್ಳಿ. ಒದ್ದೆ ಕೈ ಹಾಕದೆ, ಬೆಳಕು ಬೀಳದ ಕಡೆ ಮುಚ್ಚಿಡಿ. ಕಮಟು ವಾಸನೆ ಬಂದದ್ದನ್ನು ಮೈಗೂ ಹಚ್ಚಬೇಡಿ.