ಮಕ್ಕಳ ಸುರಕ್ಷತಾ ಕಿಟ್: ಮುಂಬಯಿಯ ಎರಡು ಮಳೆಗಾಲ ಕಂಡ ಮೇಲೆ

ಐದಕ್ಕೆ ಎರಡು ನಕ್ಷತ್ರ ಕೊಡುತ್ತಿದ್ದೇನೆ. ಅವೆರಡೂ ಕಪಾಟಿನ ಬೀಗಗಳಿಗೆ ಸಲ್ಲತಕ್ಕವು. ಮೇಜಿನ ಮೂಲೆಗೆ ಅಂಟಿಸುವ ಸ್ಪಂಜು, ಸಾಕೆಟ್ಟಿನ ಮುಚ್ಚಳ, ಕಪಾಟಿನ ಪಟ್ಟಿಬೀಗ, ಬಾಗಿಲು ಬಡಿದು ಬೆರಳು ಸಿಕ್ಕಿಕೊಳ್ಳದಂತೆ ಅಂಚಿಗೆ ಸಿಕ್ಕಿಸುವ ಫೋಮ್ ತುಂಡು, ಇಷ್ಟೂ ಒಂದೇ ಪೆಟ್ಟಿಗೆಯಲ್ಲಿ ಬರುವ ಕಿಟ್ ಇದು. ಪೆಟ್ಟಿಗೆ ಬಿಚ್ಚಿದ ದಿನವೇ ಬರೆದ ಹೊಗಳಿಕೆಗಳು ಬೇಕಾದಷ್ಟು ಸಿಗುತ್ತವೆ. ನಮ್ಮದು ಮುಲುಂಡ್‌ನಲ್ಲಿ ಐದನೆಯ ಮಹಡಿಯ ಬಾಡಿಗೆ ಮನೆ. ಮಗಳು ಅಂಬೆಗಾಲಿಡುವ ಮೊದಲೇ ತರಿಸಿದ್ದೆವು. ಈಗ ಅವಳು ಸೋಫಾ ಹತ್ತಿ ಹಾರುತ್ತಾಳೆ.

ಅಂಟಿನ ಸಾಮಾನಿಗೆ ನಿಜವಾದ ಪರೀಕ್ಷೆ ಮಳೆಗಾಲ. ಜೂನ್ ಬಂದು ಗೋಡೆ ಬೆವರತೊಡಗಿದ ಮೇಲೆ ಡಿಸ್ಟೆಂಪರ್ ಮೇಲೆ ಅಂಟಿಸಿದ್ದೆಲ್ಲ ಬಣ್ಣದ ಸಿಪ್ಪೆ ಸಮೇತ ಕೆಳಗೆ ಬಿತ್ತು. ಸನ್‌ಮೈಕಾ ಮೇಲಿನದು ಮಾತ್ರ ನಿಂತಿತು, ಅದೂ ಎಣ್ಣೆಜಿಡ್ಡು ಇಲ್ಲದ ಕಡೆ. ಸ್ಪಿರಿಟ್ ಹಾಕಿ ಒರೆಸಿ, ಒಣಗಿಸಿ, ಅಂಟಿಸಿದ ಮೇಲೆ ಒಂದು ದಿನ ಮುಟ್ಟದೆ ಬಿಟ್ಟರೆ ಬೀಗ ಗಟ್ಟಿಯಾಗಿ ಕೂರುತ್ತದೆ. ಫಿನೈಲ್, ಆಸಿಡ್ ಇಡುವ ಸಿಂಕ್ ಕೆಳಗಿನ ಕಪಾಟಿನ ಬೀಗ ಇಂದಿಗೂ ಅಲುಗಿಲ್ಲ. ಮೂಲೆಯ ಸ್ಪಂಜುಗಳನ್ನು ಮಗಳು ಕಿತ್ತು ಚೂರುಚೂರಾಗಿ ಕಚ್ಚಿದಳು. ಹಣೆಗೆ ಪೆಟ್ಟಾಗದಿರಲಿ ಎಂದು ತಂದದ್ದು ಗಂಟಲಿಗೆ ಸಿಕ್ಕಿಕೊಳ್ಳುವುದಾದರೆ ಟೀಪಾಯಿಯನ್ನೇ ಹೊರಗೆ ಕಳುಹಿಸುವುದು ಲೇಸು. ಕಳುಹಿಸಿದೆವು. ಇಷ್ಟು ಪುಟ್ಟ ಮನೆಯಲ್ಲಿ ಅದಕ್ಕೇನು ಕೆಲಸವಿತ್ತೋ!

ಸಾಕೆಟ್ ಮುಚ್ಚಳಗಳ ಮೇಲೆ ನನಗೆ ಸಿಟ್ಟಿದೆ. ಬಂದವುಗಳಲ್ಲಿ ಕೆಲವಕ್ಕೆ ಯುರೋಪಿನ ಎರಡು ದುಂಡು ಪಿನ್. ಉಳಿದವು ನಮ್ಮ 6 ಆಂಪಿಯರ್ ಸಾಕೆಟ್ಟಿಗೆ ಸಡಿಲ, ಗೀಸರಿನ 16 ಆಂಪಿಯರ್ ಸಾಕೆಟ್ಟಿಗೆ ಲೆಕ್ಕಕ್ಕೇ ಇಲ್ಲ. ಮಾರಾಟಗಾರರಿಗೆ ದೂರು ಬರೆದರೆ ಧನ್ಯವಾದದ ಸಂದೇಶ ಬಂತು! ಇದಕ್ಕಿಂತ ಗಂಭೀರವಾದದ್ದನ್ನು ತೋರಿಸಿಕೊಟ್ಟವರು ಮನೆಗೆ ಬಂದ ವೈರ್‌ಮನ್. ಷಟರ್ (ರಂಧ್ರಗಳನ್ನು ಒಳಗಿನಿಂದ ಮುಚ್ಚಿಡುವ ಪುಟ್ಟ ತಡೆ) ಇರುವ ಸಾಕೆಟ್ಟಿನಲ್ಲಿ ಮೇಲಿನ ಉದ್ದನೆಯ ಅರ್ಥ್ ಪಿನ್ ಒಳಹೊಕ್ಕಾಗ ಕೆಳಗಿನ ಎರಡು ರಂಧ್ರಗಳು ತೆರೆದುಕೊಳ್ಳುತ್ತವೆ. ಮೂರು ಪಿನ್ನಿನ ಮುಚ್ಚಳ ಮಾಡುವುದೂ ಅದನ್ನೇ. ಅದು ಮುರಿದರೆ ಅಥವಾ ಅರ್ಧ ಕಿತ್ತು ಬಂದರೆ, ತಾನಾಗಿಯೇ ಮುಚ್ಚಿಕೊಂಡಿರಬೇಕಾದ ರಂಧ್ರ ಬಾಯಿಬಿಟ್ಟುಕೊಂಡು ಕೂತಿರುತ್ತದೆ. ಬ್ರಿಟನ್ನಿನ ಆರೋಗ್ಯ ಇಲಾಖೆ ಇಂಥ ಮುಚ್ಚಳಗಳನ್ನು ಬಳಸಬಾರದೆಂದು 2016ರಲ್ಲೇ ಎಚ್ಚರಿಕೆ ಹೊರಡಿಸಿತ್ತು. ಷಟರ್ ಇಲ್ಲದ ಹಳೆಯ ಸಾಕೆಟ್ ಇದ್ದರೆ ಅದನ್ನೇ ಬದಲಾಯಿಸಿ. ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯೇ ನೋಡಿಕೊಳ್ಳಿ. ವಿದ್ಯುತ್ ಸೋರಿದ ಕ್ಷಣಕ್ಕೇ ಪೂರೈಕೆ ಕಡಿಯುವುದು ಅದು, ಪ್ಲಾಸ್ಟಿಕ್ ಬಿಲ್ಲೆಯಲ್ಲ.

ಬಾಗಿಲಿನ ಫೋಮ್ ಪರವಾಗಿಲ್ಲ. ಎ.ಸಿ. ಹಾಕಿದಾಗ ಬಾಗಿಲು ಪೂರ್ತಿ ಮುಚ್ಚುವುದಿಲ್ಲ, ಅಷ್ಟೇ.

ಆದರೆ ಇಲ್ಲಿಯ ಮನೆಗಳಲ್ಲಿ ನನ್ನನ್ನು ಹೆಚ್ಚು ಹೆದರಿಸುವ ಎರಡಕ್ಕೆ ಈ ಕಿಟ್‌ನಲ್ಲಿ ಏನೂ ಇಲ್ಲ: ಕಿಟಕಿ ಮತ್ತು ಬಕೆಟ್. ಕಿಟಕಿಯ ಮಾತೆತ್ತಿದರೆ ನೆರೆಯವರೆಲ್ಲ “ಪಾರಿವಾಳದ ಬಲೆ ಇದೆಯಲ್ಲ” ಎನ್ನುತ್ತಾರೆ. ಆ ಬಲೆ ಪಾರಿವಾಳಕ್ಕಾಗಿ ಕಟ್ಟಿದ್ದು. ಬಿಸಿಲಿಗೆ ನೈಲಾನ್ ಶಿಥಿಲವಾಗುತ್ತದೆ, ಸಣ್ಣ ಕೊಕ್ಕೆಗಳ ಮೇಲೆ ನಿಂತಿರುತ್ತದೆ. ಮಗುವಿನ ಭಾರಕ್ಕೆ ಅದನ್ನು ನಂಬಬೇಡಿ. ನಾವು ಬೇರೆಯಾಗಿ ಇನ್‌ವಿಸಿಬಲ್ ಗ್ರಿಲ್ ಹಾಕಿಸಿದೆವು: ಅಲ್ಯೂಮಿನಿಯಂ ಪಟ್ಟಿಗಳ ನಡುವೆ ಬಿಗಿದ, ನೈಲಾನ್ ಹೊದಿಕೆಯ ಸ್ಟೇನ್‌ಲೆಸ್ ಸ್ಟೀಲ್ ತಂತಿಗಳು, ಎರಡೆರಡು ಇಂಚಿಗೆ ಒಂದು. ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರಿನ ಮನೆಗೆ ಇಷ್ಟು ಖರ್ಚೇ ಎಂದು ನಮ್ಮವರು ಗೊಣಗಿದರು. ಗೋಡೆಗೆ ತೂತು ಏಕೆ ಎಂದು ಮಾಲೀಕರೂ ಗೊಣಗಿದರು. ಗ್ರಿಲ್ ಇಲ್ಲೇ ಬಿಟ್ಟು ಹೋಗುತ್ತೇವೆ ಎಂದ ಮೇಲೆ ಮಾಲೀಕರು ಸುಮ್ಮನಾದರು.

ಹಾಕಿಸುವವರು ಕೇಳಬೇಕಾದ ಮಾತು: ತಂತಿ 304 ದರ್ಜೆಯದೋ 316ರದೋ? ಕಡಲ ಉಪ್ಪುಗಾಳಿಗೆ 316 ಹೆಚ್ಚು ತಾಳುತ್ತದೆ. ಸ್ಕ್ರೂ ಕಾಂಕ್ರೀಟಿಗೆ ಕೂರುತ್ತದೋ ಹಗುರ ಸಿಪೊರೆಕ್ಸ್ ಇಟ್ಟಿಗೆಗೋ ಎಂದು ನಿಂತು ನೋಡಿ. ತಂತಿ ಕಾಲಕ್ರಮೇಣ ಸಡಿಲವಾಗುತ್ತದೆ, ನಮ್ಮದನ್ನು ಕರೆಸಿ ಬಿಗಿಸಬೇಕಾಯಿತು. ಬೆಂಕಿ ಬಿದ್ದರೆ ಹೊರಬರಲು ಒಂದು ಗಟ್ಟಿ ವೈರ್ ಕಟರ್ ಮನೆಯಲ್ಲಿರಲಿ. ಗ್ರಿಲ್ ಇದ್ದರೂ ಕಿಟಕಿಯ ಕೆಳಗೆ ಮಂಚ, ಕುರ್ಚಿ ಇಡಬಾರದು.

ಇನ್ನು ಬಕೆಟ್. ನಮ್ಮ ಸೊಸೈಟಿಯಲ್ಲಿ ನೀರು ಬೆಳಿಗ್ಗೆ, ಸಂಜೆ ಹೊತ್ತು ನೋಡಿ ಬರುತ್ತದೆ. ಹಾಗಾಗಿ ಬಚ್ಚಲಲ್ಲಿ ತುಂಬಿದ ಬಕೆಟ್, ಡ್ರಮ್ ಸದಾ ಇರುತ್ತವೆ. ಎಳೆಮಕ್ಕಳಿಗೆ ತಲೆಯೇ ಭಾರ. ಬಗ್ಗಿ ನೋಡಿದವರು ತಲೆಕೆಳಗಾಗಿ ಬಿದ್ದರೆ ಮೇಲೇಳಲಾರರು, ಕೂಗಲೂ ಆಗುವುದಿಲ್ಲ. ಎರಡು ಇಂಚು ನೀರೂ ಸಾಕು. ಡ್ರಮ್ಮಿಗೆ ಬಿಗಿಯಾದ ಮುಚ್ಚಳ ತಂದೆವು. ಸ್ಟೇಷನ್ ಹತ್ತಿರದ ಹಾರ್ಡ್‌ವೇರ್ ಅಂಗಡಿಯಿಂದ ಸಾದಾ ಕಬ್ಬಿಣದ ಚಿಲಕ ತಂದು, ಬಚ್ಚಲ ಬಾಗಿಲಿನ ಹೊರಗೆ, ಮಗಳು ಸ್ಟೂಲ್ ಹತ್ತಿದರೂ ಎಟುಕದ ಎತ್ತರಕ್ಕೆ ಬಡಗಿಯಿಂದ ಹಾಕಿಸಿದೆವು. ಇಡೀ ಮನೆಯಲ್ಲಿ ಕೊಟ್ಟ ಹಣಕ್ಕೆ ಇಷ್ಟು ದುಡಿದ ವಸ್ತು ಇನ್ನೊಂದಿಲ್ಲ. ಒಂದೇ ತೊಂದರೆ: ಹೋಗುತ್ತ ಬರುತ್ತ ಅದನ್ನು ಹಾಕುವುದು ಮಾವನವರಿಗೆ ಅಭ್ಯಾಸವಾಗಿ, ಅತ್ತೆ ಸ್ನಾನಕ್ಕೆ ಹೋಗಿದ್ದಾಗಲೂ ಹಾಕಿ ಪೇಪರ್ ತರಲು ಕೆಳಗೆ ಹೋಗಿಬಿಟ್ಟಿದ್ದರು.