ಮಳೆಗಾಲದಲ್ಲಿ ಸರ್ವರ್ ಕೆಲಸ: ಎಸ್‌ಎಸ್‌ಎಚ್ ಸಾಕಾ, ಮಾಶ್ ಬೇಕಾ?

ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ. ಇಲ್ಲೇ ಕೂತು ಮುಂಬೈಯಲ್ಲಿರುವ ಒಂದು ಲಿನಕ್ಸ್ ಸರ್ವರ್ ನೋಡಿಕೊಳ್ಳುತ್ತೇನೆ. ಜೂನ್ ಬಂದರೆ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ. ವೈಫೈ ಸತ್ತರೆ ಫೋನ್ ಹಿಡಿದು ಜಗುಲಿಯ ಮೂಲೆಗೆ ಹೋಗಬೇಕು, ಸಿಗ್ನಲ್ ಸಿಗುವುದು ಅಲ್ಲೇ. ಹಾಗಾಗಿ ವೇಗಕ್ಕಿಂತ ನನಗೆ ಜಾಸ್ತಿ ಮುಖ್ಯವಾದದ್ದು ಬೇರೆ: ನೆಟ್ ಹೋದಾಗ ಅರ್ಧಕ್ಕೆ ನಿಂತ ಕೆಲಸದ ಗತಿ ಏನು?

ಮೊದಲು ಬರೀ ಎಸ್‌ಎಸ್‌ಎಚ್ ಬಳಸುತ್ತಿದ್ದೆ, ಅಂದರೆ ದೂರದ ಸರ್ವರ್‌ಗೆ ಸುರಕ್ಷಿತವಾಗಿ ಲಾಗಿನ್ ಆಗಿ ಕಮಾಂಡ್ ಕೊಡುವ ಸಾಧನ. 1995ರಲ್ಲಿ ಫಿನ್ಲೆಂಡಿನ ತಾತು ಉಲೋನೆನ್ ಇದನ್ನು ಬರೆದದ್ದೇ ಪಾಸ್‌ವರ್ಡ್ ಕದಿಯುವವರ ಕಾಟಕ್ಕೆ. ಭದ್ರತೆಯಲ್ಲಿ ದೂರಿಲ್ಲ. ಆದರೆ ವೈಫೈಯಿಂದ ಮೊಬೈಲ್ ಡೇಟಾಗೆ ಬಂದರೆ ಐಪಿ ವಿಳಾಸ ಬದಲಾಗುತ್ತದೆ, ಸಂಪರ್ಕ ಅಲ್ಲಿಗೇ ಮುಗಿಯಿತು. ಒಂದು ರಾತ್ರಿ ಡೇಟಾಬೇಸ್ ರಿಸ್ಟೋರ್ ಮಾಡುವಾಗ ಕರೆಂಟ್ ಹೋಯಿತು. ಮತ್ತೆ ಒಳಗೆ ಹೋಗಿ ನೋಡಿದರೆ ಅರ್ಧ ಟೇಬಲ್‌ಗಳೇ ಇಲ್ಲ. ಎಲ್ಲ ಅಳಿಸಿ ಮೊದಲಿಂದ ಶುರು ಮಾಡಿದೆ. ಬೆಳಗಾಯಿತು.

ಆಮೇಲೆ ಮಾಶ್ ಹಾಕಿದೆ. ಇದೂ ದೂರದ ಸರ್ವರ್‌ನಲ್ಲಿ ಕೆಲಸ ಮಾಡಲಿಕ್ಕೇ, ಆದರೆ ನೆಟ್ ಕಡಿದರೂ ಸಂಪರ್ಕ ಬಿಡುವುದಿಲ್ಲ. ಎಂಐಟಿಯವರು 2012ರಲ್ಲಿ ಹೊರತಂದದ್ದು. ಲಾಗಿನ್ ಆಗುವುದು ಎಸ್‌ಎಸ್‌ಎಚ್ ಮೂಲಕವೇ, ನಂತರದ ಮಾತುಕತೆ ಯುಡಿಪಿಯಲ್ಲಿ, ಅಂದರೆ ಕಾಯಂ ಸಂಪರ್ಕ ಬೇಡದೆ ಡೇಟಾ ಕಳಿಸುವ ವಿಧಾನದಲ್ಲಿ. ನೆಟ್ ಹೋದರೆ ಮೇಲೆ ಒಂದು ನೀಲಿ ಪಟ್ಟಿ ಬರುತ್ತದೆ, ಸರ್ವರ್ ಮಾತಾಡಿ ಎಷ್ಟು ಸೆಕೆಂಡ್ ಆಯಿತು ಅಂತ ಎಣಿಸುತ್ತಾ ಇರುತ್ತದೆ. ಜಗುಲಿಗೆ ಬಂದು ಸಿಗ್ನಲ್ ಸಿಕ್ಕ ತಕ್ಷಣ ಪಟ್ಟಿ ಮಾಯ, ಕರ್ಸರ್ ಇದ್ದಲ್ಲೇ ಇದೆ! ನೆಟ್ ನಿಧಾನ ಇದ್ದಾಗ ನೀವು ಟೈಪ್ ಮಾಡಿದ ಅಕ್ಷರ ಸರ್ವರ್ ಉತ್ತರಕ್ಕೆ ಕಾಯದೆ ತೆರೆಯ ಮೇಲೆ ಬರುತ್ತದೆ, ಅಡಿಗೆರೆ ಸಮೇತ. ಉತ್ತರ ಬಂದಾಗ ಗೆರೆ ಹೋಗುತ್ತದೆ. ಜಡಿಮಳೆಯಲ್ಲಿ ಇದರಷ್ಟು ಹಾಯಾದದ್ದು ನಾನು ಬೇರೆ ಕಂಡಿಲ್ಲ.

ಕೊರತೆಯೂ ಇದೆ. ಹಿಂದಿನ ಸಾಲುಗಳನ್ನು ಮೇಲಕ್ಕೆ ಸರಿಸಿ ನೋಡಲಾಗದು. ಎಸ್‌ಎಸ್‌ಎಚ್‌ನಲ್ಲಿರುವ ಪೋರ್ಟ್ ಫಾರ್ವರ್ಡಿಂಗ್ (ಬೇರೆ ಪ್ರೋಗ್ರಾಂಗಳ ಡೇಟಾವನ್ನೂ ಅದೇ ಸಂಪರ್ಕದ ಮೂಲಕ ಸಾಗಿಸುವುದು) ಇಲ್ಲ. ಸರ್ವರ್‌ನಲ್ಲೂ ಮಾಶ್ ಇರಬೇಕು, ಫೈರ್‌ವಾಲ್‌ನಲ್ಲಿ (ಸರ್ವರ್‌ನ ನೆಟ್ ಕಾವಲಿನಲ್ಲಿ) 60000ದಿಂದ ಶುರುವಾಗುವ ಯುಡಿಪಿ ಪೋರ್ಟ್‌ಗಳನ್ನು ತೆರೆಯಬೇಕು. ಬೇರೆಯವರ ಸರ್ವರ್ ಆದರೆ ಇದಕ್ಕೆ ಒಪ್ಪಿಸುವುದೇ ಕಷ್ಟ. ಲ್ಯಾಪ್‌ಟಾಪ್ ಪೂರ್ತಿ ಆಫ್ ಆದರೆ ಹಳೇ ಸೆಷನ್‌ಗೆ ಮರಳಲೂ ಆಗುವುದಿಲ್ಲ.

ಅಲ್ಲಿ ಗೆದ್ದದ್ದು ಎಸ್‌ಎಸ್‌ಎಚ್ ಜೊತೆಗೆ ಟಿಮಕ್ಸ್, ಅಂದರೆ ನಾವು ಹೊರಗೆ ಬಂದರೂ ಸೆಷನ್ ಉಳಿಸಿಟ್ಟು ಮತ್ತೆ ಅಲ್ಲಿಗೇ ಮರಳಲು ಬಿಡುವ ಪ್ರೋಗ್ರಾಂ. ಟಿಮಕ್ಸ್ ಓಡುವುದು ಸರ್ವರ್‌ನಲ್ಲೇ ಅಲ್ವಾ, ನಮ್ಮ ಕಡೆ ಏನೇ ಆದರೂ ಕೆಲಸ ನಡೆಯುತ್ತಲೇ ಇರುತ್ತದೆ. ಅಕ್ಷರ ತಡವಾಗಿ ಮೂಡುವ ಕಿರಿಕಿರಿ ಮಾತ್ರ ಹಾಗೇ ಉಳಿಯುತ್ತದೆ. ಒಂದೇ ಆರಿಸಿ ಅಂದರೆ ನಾನು ಇದನ್ನೇ ಆರಿಸುತ್ತೇನೆ. ಸ್ವಂತ ಸರ್ವರ್ ಆದ್ದರಿಂದ ಈಗ ಮಾಶ್ ಒಳಗೆ ಟಿಮಕ್ಸ್ ಇಟ್ಟಿದ್ದೇನೆ. ಹಿಂದಿನ ಸಾಲು ನೋಡುವ ಸಮಸ್ಯೆಯೂ ತೀರಿತು.

ವಿಂಡೋಸ್‌ನವರು ಎಸ್‌ಎಸ್‌ಎಚ್‌ಗಾಗಿ ಪುಟ್ಟಿ ಎಂಬ ಬೇರೆ ಪ್ರೋಗ್ರಾಂ ಹುಡುಕಬೇಕಿಲ್ಲ. 2018ರಿಂದ ವಿಂಡೋಸ್ 10ರಲ್ಲೇ ಎಸ್‌ಎಸ್‌ಎಚ್ ಬರುತ್ತದೆ.

ಯಾವುದನ್ನೇ ಬಳಸಿ, ಪಾಸ್‌ವರ್ಡ್ ಲಾಗಿನ್ ಬಂದ್ ಮಾಡಿ ಕೀ (ಪಾಸ್‌ವರ್ಡ್ ಬದಲು ಲಾಗಿನ್‌ಗೆ ಬಳಸುವ ಫೈಲ್) ಹಾಕಿಕೊಳ್ಳಿ. ನಾನು ಬಳಸುವುದು ಇಡಿ25519 ಎಂಬ ಬಗೆಯ ಕೀ, ಅದನ್ನು ಕಾಯಲು ಒಂದು ಪಾಸ್‌ಫ್ರೇಸ್ (ಗುಪ್ತ ವಾಕ್ಯ). ಬಂದ್ ಮಾಡುವ ಮುಂಚೆ ಇನ್ನೊಂದು ಕಿಟಕಿಯಲ್ಲಿ ಕೀ ಹಾಕಿ ಒಳಗೆ ಹೋಗಲು ಆಗುತ್ತದಾ ನೋಡಿ. ಹಳೇ ಕಿಟಕಿಯನ್ನು ಅಲ್ಲಿಯವರೆಗೆ ಮುಚ್ಚಬೇಡಿ.